ಬಲಗೈಯ ಬೆತ್ತ

ರಬ್ಬರ್ ಚೆಂಡು ಮತ್ತೆ ಮಂಚದ ಕೆಳಗೆ ಉರುಳಿತು. ಈ ಸಲ ಅದು ಜಾರಿ ಬಿದ್ದದ್ದಲ್ಲ. ಹಿಂದೂರಾವ್ ಸಾಳೋಖೆ ಅದನ್ನು ತನ್ನ ಬಲಗೈಯೊಳಗಿಂದ ಎಡಗೈಯಲ್ಲಿ ಕಿತ್ತು ಎಸೆದಿದ್ದ.

"ಕೂಸಿನ ಆಟ," ಎಂದ. ಪಾರ್ಶ್ವವಾಯು ಹೊಡೆದಾಗಿನಿಂದ ಅವನ ಮಾತು ಬಾಯಿತುಂಬ ತುತ್ತು ಇಟ್ಟುಕೊಂಡವನ ಮಾತಿನಂತೆ ಕೇಳುತ್ತಿತ್ತು. "ಅಕಿಗೆ ಹೇಳು. ನಾಳಿಂದ ಬರೂದ ಬ್ಯಾಡ."

ಅಕಿ ಅಲ್ಲೇ ನಿಂತಿದ್ದಳು. ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಬರುವ ಕೇತಕಿ. ಹಿಂದೂರಾವ್‌ನ ಕೊನೆಯ ಮಗಳಿಗಿಂತ ಚಿಕ್ಕವಳು. ಅವಳು ಚೀಲ ಹೆಗಲಿಗೆ ಹಾಕಿಕೊಂಡು ಹೊರಬಂದಳು. ಹಿಂದೂರಾವ್‌ನ ಹೆಂಡತಿ ಹೌಸಾಬಾಯಿ ಹಿಂದೆಯೇ ಬಂದಳು.

"ಸಿಟ್ಟಾಗಬ್ಯಾಡವಾ. ಅವರ ಬಾಯೇ ಹಂಗ."

"ಸಿಟ್ಟಿಲ್ರಿ ಕಾಕು. ನಾ ವಾರಕ್ಕ ಎರಡ ಸಲ ಬಂದ ಹೋಗಾಕಿ. ಉಳದ ದಿನಾ ಅವರ ಗ್ವಾಡಿ ನೋಡ್ಕೋತ ಕುಂತ್ರ ನಾ ಏನ್ ಮಾಡ್ಲಿ? ಕಾಲು ಸುಧಾರಸ್ಯಾವ, ಖರೆ. ಆದ್ರ ಕೈ..." ಕೇತಕಿ ದನಿ ತಗ್ಗಿಸಿದಳು. "ಈಗ ಏನ ಬರ್ತದೋ ಅಷ್ಟ ಬರ್ತದ. ಇನ್ನೊಂದೆರಡ ತಿಂಗಳ ಹಿಂಗ ಕಳದ್ರ ಆ ಕೈ ಬರೇ ತೂಗಾಡ್ತದ. ಉಣಿಸೂದು, ತೊಳಿಸೂದು ಎಲ್ಲಾ ನಿಮ್ಮ ಪಾಲಿಗೆ."

ಅದೆಲ್ಲ ಈಗಾಗಲೇ ಹೌಸಾಬಾಯಿಯ ಪಾಲಿಗೇ ಇತ್ತು. ಅವಳ ಸೊಂಟ ಅದನ್ನು ಇನ್ನೆಷ್ಟು ದಿನ ತಡೆದೀತು ಎನ್ನುವುದೊಂದೇ ಅವಳಿಗೆ ಗೊತ್ತಿರಲಿಲ್ಲ. ಎಡಗೈಯಲ್ಲಿ ಉಣ್ಣಲು ಅವನು ಒಪ್ಪುತ್ತಿರಲಿಲ್ಲ. ಅವಳು ಉಣಿಸುವಾಗ ಯಾರಾದರೂ ಬಂದರೆ ಬಾಯಿ ಮುಚ್ಚಿಬಿಡುತ್ತಿದ್ದ. ಮಟನ್ ರಸ್ಸಾ ತಟ್ಟೆಯಲ್ಲೇ ತಣ್ಣಗಾಗಿ ಮೇಲೆ ಕೊಬ್ಬು ಗಟ್ಟಿಯಾಗುತ್ತಿತ್ತು.

ಗಲ್ಲಿಯ ಕೊನೆಗೆ ತಾಲೀಮು, ಕುಸ್ತಿಯ ಗರಡಿಮನೆ, ಇತ್ತು. ಹಿಂದೂರಾವ್ ಅಲ್ಲಿನ ವಸ್ತಾದನಾಗಿ ಮೂರು ತಲೆಮಾರಿನ ಹುಡುಗರನ್ನು ಕೆಮ್ಮಣ್ಣಿನಲ್ಲಿ ಹೊರಳಾಡಿಸಿದ್ದ. ಅವನ ಕೈಲಿ ಬೆತ್ತ ಇರುತ್ತಿತ್ತು. ಬಸ್ಕಿ ಹೊಡೆಯುವಾಗ ಯಾವನ ಮೊಣಕಾಲು ತಪ್ಪಿದರೂ ಬೆತ್ತ ಅಲ್ಲಿಗೇ ಬೀಳುತ್ತಿತ್ತು. ಕೊಲ್ಹಾಪುರದಲ್ಲಿ ಈಗ ಹೊಟ್ಟೆ ಬಿಟ್ಟುಕೊಂಡು ಮೋಟಾರಿನಲ್ಲಿ ಓಡಾಡುವ ಎಷ್ಟೋ ಗಂಡಸರ ಮೀನಖಂಡಕ್ಕೆ ಆ ಬೆತ್ತದ ನೆನಪಿತ್ತು. ಅವನು ಅಖಾಡದಲ್ಲೇ ಕುಸಿದು ಬಿದ್ದ ದಿನ, ಕುಸ್ತಿ ಗೆದ್ದವನನ್ನು ಹೊರುವಂತೆ ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ರಿಕ್ಷಾದವರೆಗೆ ಒಯ್ದಿದ್ದರು. ಆಮೇಲೆ ಅವನು ಆ ಕಡೆಯ ಕಿಟಕಿಯನ್ನು ಮುಚ್ಚಿಸಿಬಿಟ್ಟ. ಮುಚ್ಚಿದರೂ ತೊಡೆ ತಟ್ಟುವ ಸದ್ದು ಬರುತ್ತಿತ್ತು.

ಸಂಜೆ ರಾವಸಾಹೇಬ ಬಂದ. ಒಂದು ಕಾಲಕ್ಕೆ ವಸ್ತಾದನ ಮೆಚ್ಚಿನ ಶಿಷ್ಯ, ಈಗ ಗುತ್ತಿಗೆದಾರ, ತಾಲೀಮಿನ ಅಧ್ಯಕ್ಷ. ಕೈಯಲ್ಲಿ ಹಾಲಿನ ಗಡಿಗೆ.

"ವಸ್ತಾದ, ಹಾಲಿನ ಕಟ್ಟಿ ಮ್ಯಾಲ ನನ್ನ ಕಣ್ಮುಂದ ಎಮ್ಮಿ ಹಿಂಡಿಸ್ಕೊಂಡ ಬಂದೇನಿ. ಇನ್ನಾ ಬುರಗ ಆರಿಲ್ಲ. ಕುಡೀರಿ."

"ಇಡು ಅಲ್ಲೆ."

ಹಾಲು ಕುಡಿದರೆ ಬಾಯಿಯ ಬಲಮೂಲೆಯಿಂದ ಸೋರುತ್ತದೆ ಎಂಬುದು ಹೌಸಾಬಾಯಿಗೆ ಗೊತ್ತಿತ್ತು. ಅವಳು ಗಡಿಗೆಯನ್ನು ಒಳಗಿಟ್ಟಳು.

"ವ್ಯಾಯಾಮ ಬಿಟ್ಟೀರಂತ," ರಾವಸಾಹೇಬ ನೆಲದ ಮೇಲೆಯೇ ಕೂತ. ಗುರುವಿನ ಮುಂದೆ ಕುರ್ಚಿಯಲ್ಲಿ ಕೂರುವ ಪದ್ಧತಿ ಇರಲಿಲ್ಲ. "ಒಂದ ದಿನಾ ಸಾಮು ತಪ್ಪಿಸಿದ್ರ ಮೈ ಮುನಸ್ಕೋತದ ಅಂತ ನೀವ ಹೇಳ್ತಿದ್ರಿ ನಮಗ."

"ನಿನ್ನ ಮೈ ಎಷ್ಟ ವರ್ಷ ಆತಲೇ ಮುನಸ್ಕೊಂಡು? ಹೊಟ್ಟಿ ನೋಡ್ಕೋ. ಒಳಗ ಎಷ್ಟ ಮಂದೀನ ಇಟಗೊಂಡಿ?"

ರಾವಸಾಹೇಬ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿಸಿ ಹೊರಡಲು ಎದ್ದ. ಅವನು ವಸ್ತಾದನ ಕಾಲು ಮುಟ್ಟಿ ನಮಸ್ಕರಿಸಿದ. ತಲೆಯ ಮೇಲಿಡಲು ಹಿಂದೂರಾವ್‌ನ ಬಲಗೈ ಏಳಲಿಲ್ಲ. ಎಡಗೈಯನ್ನು ಅವನು ಎತ್ತಲೂ ಇಲ್ಲ. ರಾವಸಾಹೇಬ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದು ಎದ್ದುಹೋದ.

ಬೆಳಿಗ್ಗೆ ಕಸ ಗುಡಿಸುವಾಗ ಹೌಸಾಬಾಯಿಗೆ ಚೆಂಡು ಸಿಕ್ಕಿತು. ಮಂಚದ ಕೆಳಗೆ ಕೈ ಚಾಚಿ ಅದನ್ನೆತ್ತಿಕೊಂಡು, ಮಂಚದ ಕಾಲು ಹಿಡಿದು, ಮೊದಲು ಹಿಂಭಾಗ ಎತ್ತಿ, ಆಮೇಲೆ ಬೆನ್ನು ಎತ್ತಿ, ನರಳಿಕೊಂಡು ಎದ್ದಳು.

"ಬೆನ್ನು!"

ಅವಳು ಬೆಚ್ಚಿದಳು.

"ಬೆನ್ನ ನೆಟ್ಟಗ! ಹಿಂಗ ಏಳತಾರೇನ? ಎಮ್ಮಿ ಕೆಸರಿನ್ಯಾಗಿಂದ ಎದ್ದಂಗ ಏಳತಿ."

ಇಷ್ಟು ದಿನಗಳಲ್ಲಿ ಅವನು ಗೋಡೆಯಿಂದ ಕಣ್ಣು ಕಿತ್ತು ಯಾವುದನ್ನಾದರೂ ಸರಿಯಾಗಿ ನೋಡಿದ್ದು ಅದೇ ಮೊದಲು. ಅವಳು ಚೆಂಡನ್ನು ಹಾಸಿಗೆಯ ಮೇಲಿಟ್ಟು, ಕಸಬರಿಗೆ ಬದಿಗಿಟ್ಟಳು.

"ಮತ್ತ ಹೆಂಗ ಏಳಬೇಕು?"

"ಕುಂಡರು. ಕಾಲ ಅಗಲ ಮಾಡು. ಅಷ್ಟಲ್ಲ! ಹಿಮ್ಮಡ ನೆಲಕ್ಕ ಊರು. ಈಗ ಏಳು. ಉಸರ ಬಿಡಕೋತ ಏಳು."

ಅವಳು ಎದ್ದಳು. ಮೊಣಕಾಲು ಲಟಕ್ ಎಂದವು, ಆದರೆ ಸೊಂಟ ಹಿಡಿಯಲಿಲ್ಲ. ತಾಲೀಮಿನ ಬಾಗಿಲಿಗೆ ಕೂಗಳತೆಯಲ್ಲಿ ಇಡೀ ಸಂಸಾರ ಮಾಡಿದ್ದರೂ ಒಂದು ಬಸ್ಕಿ ಹೇಗಿರುತ್ತದೆಂದು ಅವಳು ಕಣ್ಣಾರೆ ಕಂಡಿರಲಿಲ್ಲ. ಹೆಂಗಸರಿಗೆ ಒಳಗೆ ಪ್ರವೇಶವಿರಲಿಲ್ಲ. ಮಣ್ಣು ಮೆತ್ತಿದ ಲಂಗೋಟಿಗಳು ಮಾತ್ರ ಅವಳ ಕೈಗೆ ಬರುತ್ತಿದ್ದವು. ಹಿರಿಮಗಳು ಹನ್ನೊಂದರ ವಯಸ್ಸಿನಲ್ಲಿ ತಾನೂ ಬರುತ್ತೇನೆಂದು ಹಟ ಹಿಡಿದಾಗ ಅಪ್ಪ ಅವಳ ಜಡೆ ಹಿಡಿದು ಮನೆಗೆ ಎಳೆದುಕೊಂಡು ಬಂದಿದ್ದ. ಈಗ ಊರ ತುಂಬ ಹುಡುಗಿಯರು ಕುಸ್ತಿ ಆಡುತ್ತಾರೆ.

ಮರುದಿನ, ತಾಲೀಮಿನಲ್ಲಿ ತೊಡೆ ತಟ್ಟುವ ಸದ್ದು ಶುರುವಾದಾಗ, ಅವಳು ಕಚ್ಚೆ ಬಿಗಿದು ಅವನ ಮುಂದೆ ನಿಂತಳು. ಬೇಕೆಂದೇ ಪಾದ ತಿರುಗಿಸಿ ಕೂತಳು.

"ಯಾರ ಕಲಿಸ್ಯಾರ ನಿನಗ?" ಅವನು ಗುಡುಗಿದ.

"ಯಾರ ಕಲಿಸ್ಯಾರ? ಕಲಿಸಾವ್ರು ಗ್ವಾಡಿ ನೋಡ್ಕೋತ ಕುಂತಿದ್ರು."

ಅವನು ಕಲಿಸಿದ. ಅವಳು ಮೊದಲು ಬೇಕೆಂದೇ ತಪ್ಪುತ್ತಿದ್ದಳು. ನಾಲ್ಕಾರು ದಿನ ಕಳೆದ ಮೇಲೆ ಬೇಕೆಂದು ತಪ್ಪುವ ಅಗತ್ಯ ಬೀಳಲಿಲ್ಲ. ಅವನು ಹೇಳಿದಂತೆ ಮಾಡುವುದೇ ಅಷ್ಟು ಕಷ್ಟವಿತ್ತು. ತೊಡೆ ನೋಯುತ್ತಿತ್ತು. ಪಾಯಖಾನೆಯಲ್ಲಿ ಕೂತರೆ ಗೋಡೆ ಹಿಡಿಯಬೇಕಾಗುತ್ತಿತ್ತು. ಹಾಗೆಂದು ಹೇಳಿದರೆ ಅವನಿಗೆ ಖುಷಿ. "ನೋಯಬೇಕು. ನೊಂದಿಲ್ಲಂದ್ರ ನೀ ಮಾಡೇ ಇಲ್ಲ," ಎನ್ನುತ್ತಿದ್ದ. ಕಿಟಕಿ ತೆಗೆಸಿದ. ಆದರೆ ಚೆಂಡು ಹಾಸಿಗೆಯ ಮೇಲೆ ಹಾಗೇ ಇತ್ತು. ಬೇಡವೆಂದಿದ್ದರೂ ಕೇತಕಿ ಮತ್ತೆ ಬಂದು ಅವನ ಬಲಗೈ ಎತ್ತಿ ಬಿಟ್ಟಳು. ಅದು ಒದ್ದೆ ಬಟ್ಟೆಯಂತೆ ಬಿತ್ತು.

"ಕಾಕು, ನಿಮ್ಮ ಕಾಲ ಗಟ್ಟಿ ಆಗ್ಯಾವ," ಎಂದಳು. "ನಾ ಬಂದದ್ದ ನಿಮ್ಮ ಸಲುವಾಗಿ ಅಲ್ಲ."

ಒಂದು ದಿನ ಹಿಂದೂರಾವ್ ಬೆತ್ತ ಕೇಳಿದ. ಅದು ಕಪಾಟಿನ ಮೇಲಿತ್ತು. ಹೌಸಾಬಾಯಿ ಧೂಳು ಒರೆಸಿ ತಂದು ಅವನ ಬಲತೊಡೆಯ ಮೇಲಿಟ್ಟಳು. ಅವನು ಎಡಗೈ ಚಾಚಿದ. ಅವಳು ಬೆತ್ತದ ತುದಿ ಹಿಡಿದುಕೊಂಡಳು.

"ಎಡಗೈಲೆ ಹೊಡಸ್ಕೊಳ್ಳಾಕ ನಾ ಏನ್ ಎಮ್ಮೀನ?"

"ಬಿಡು."

"ತಾಲೀಮಿನ್ಯಾಗ ಯಾರಿಗರೆ ಎಡಗೈಲೆ ಹೊಡದೀರೇನ? ನಾ ಏನ್ ಪಾಪ ಮಾಡೇನಿ?"

ಅವನು ಅವಳನ್ನು ದಿಟ್ಟಿಸಿ ನೋಡಿದ. ಬೆತ್ತ ಆ ದಿನ ತೊಡೆಯ ಮೇಲೆಯೇ ಉಳಿಯಿತು. ಮರುದಿನವೂ ಉಳಿಯಿತು. ಅವನು ಬಾಯಲ್ಲೇ ತಿದ್ದಿದ, ಬಾಯಲ್ಲೇ ಬೈದ.

ಆಮೇಲೊಂದು ಮುಂಜಾನೆ ಹೌಸಾಬಾಯಿಗೆ ಏಳಲು ಮನಸ್ಸಾಗಲಿಲ್ಲ. ಚಳಿ ಇತ್ತು. ಎಡ ಮೊಣಕಾಲು ಊದಿತ್ತು. ಯಾತಕ್ಕಾಗಿ ಇದನ್ನೆಲ್ಲ ಮಾಡುತ್ತಿದ್ದೇನೆಂದು ಕಂಬಳಿಯೊಳಗೇ ಯೋಚಿಸಿದಳು. ಅವನ ಕೈ ಹೇಗಿತ್ತೋ ಹಾಗೇ ಇತ್ತು. ತಾನು ಮಾತ್ರ ಈ ವಯಸ್ಸಿನಲ್ಲಿ ಪೈಲ್ವಾನಳಾಗಿ ಯಾರನ್ನು ಚಿತ್ ಮಾಡಬೇಕಿತ್ತು?

"ಏಳು," ಎಂದ ಅವನು ಮಂಚದಿಂದ. ತಾನೇ ಎದ್ದು ಕೂತಿದ್ದ.

"ಇವತ್ತ ಬ್ಯಾಡ್ರಿ."

"ಬ್ಯಾಡ ಅನ್ನೂ ದಿನಾನ ಸಾಮು. ಉಳದ ದಿನಾ ಎಲ್ಲಾರೂ ಮಾಡ್ತಾರ."

"ಹೌದು, ಹೌದು. ಮಂದಿಗೆ ಹೇಳೂದ ಭಾಳ ಹಗರ," ಎನ್ನುತ್ತ ಅವಳು ಎದ್ದು ಬಂದಳು. ಎದ್ದದ್ದು ಜಗಳವಾಡಲು. ಅವನ ಮುಂದೆ ನಿಂತು ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಬಾವು ತೋರಿಸಿದಳು. "ನೋಡ್ರಿ. ಕಣ್ಣ ಐತಿಲ್ಲೊ?"

ಅವನು ಬಾವನ್ನು ನೋಡಿದ. ಪಾದವನ್ನೂ ನೋಡಿದ.

"ಪಾದ ಹೊರಗ ತಿರಗೇದ. ಅದಕ್ಕ ಊದೇದ."

"ತಿರಗಲಿ."

ತೊಡೆಯ ಮೇಲಿದ್ದ ಬೆತ್ತ ಅಲುಗಿತು. ಎಡಗೈ ಮಂಚದ ಪಟ್ಟಿಯನ್ನು ಹಿಡಿದಿತ್ತು. ಬಲಗೈಯ ಬೆರಳುಗಳು ಬೆತ್ತದ ಸುತ್ತ ಒಂದೊಂದಾಗಿ, ಬೇರೆ ಯಾರದ್ದೋ ಬೆರಳುಗಳಂತೆ ಮಡಚಿದವು. ಹೆಬ್ಬೆರಳು ಬರಲಿಲ್ಲ. ಭುಜ ಮೊದಲು ಎದ್ದಿತು, ಮೊಣಕೈ ಅದರ ಹಿಂದೆ ಜೋತುಬಿತ್ತು. ಅವನ ಹಣೆಯಲ್ಲಿ ಬೆವರು ಒಡೆಯಿತು. ಬೆತ್ತ ಕೈಜಾರಿ ನೆಲಕ್ಕೆ ಬಿತ್ತು.

ಅವಳು ಅದನ್ನೆತ್ತಿ ಮತ್ತೆ ಅದೇ ಕೈಯೊಳಗಿಟ್ಟಳು. ಹೆಬ್ಬೆರಳನ್ನು ಹಿಡಿದು ಮಡಚಲಿಲ್ಲ.

ಆ ಕೈಯ ಭಾರ ಅವಳಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಅದು ಅವಳ ಕೆನ್ನೆಗೂ ಬಿದ್ದಿತ್ತು. ಒಮ್ಮೆ ಊಟ ತಡವಾದದ್ದಕ್ಕೆ, ಇನ್ನೊಮ್ಮೆ ಯಾತಕ್ಕೋ. ಕಿವಿ ಎರಡು ದಿನ ಗುಂಯ್ ಎಂದಿತ್ತು.

ಬೆತ್ತ ಮತ್ತೆ ಎದ್ದಿತು. ಗಾಳಿಯಲ್ಲಿ ಅಡ್ಡಾದಿಡ್ಡಿಯಾಗಿ ನಡುಗಿ, ಅವಳ ಮೀನಖಂಡವನ್ನು ಸವರಿ ಕೆಳಗಿಳಿಯಿತು. ನೊಣ ಕೂತು ಹಾರಿದಷ್ಟು.

ಹಿಂದೂರಾವ್ ಏದುಸಿರು ಬಿಡುತ್ತಿದ್ದ. ತೆರೆದ ಕಿಟಕಿಯಿಂದ ತಾಲೀಮಿನ ಹುಡುಗರು ತೊಡೆ ತಟ್ಟುವುದು ಕೇಳುತ್ತಿತ್ತು.

"ತಾಗಲಿಲ್ಲ," ಎಂದಳು ಹೌಸಾಬಾಯಿ. ಪಾದವನ್ನು ಒಳಗೆ ತಿರುಗಿಸಲಿಲ್ಲ. ಸೀರೆಯನ್ನು ಇನ್ನೊಂದಿಷ್ಟು ಮೇಲಕ್ಕೆ ಹಿಡಿದು, ಕಾಲನ್ನು ಮಂಚದ ಹತ್ತಿರಕ್ಕೆ ಸರಿಸಿ ನಿಂತಳು.