ಮುಚ್ಚಳಕ್ಕೆ ಅಂಟಿದ ಕವಿತೆ

ಎಪ್ಪತ್ತರ ದಶಕದಲ್ಲಿ ಉದ್ದ ಕೂದಲು ಬಿಟ್ಟ ಬಂಡಾಯದ ಹುಡುಗರು ಸೈಕ್ಲೋಸ್ಟೈಲ್ ಮಾಡಿ ಹಂಚಿದ ಹಾಳೆಗಳನ್ನು ಉರ್ವದ ಲೀಲಾಧರ ಕೂಡಿಡುತ್ತಿದ್ದರು. ಅವರಿಗೆ ಸಿಗದೆ ಉಳಿದದ್ದು ಒಂದೇ ಹಾಳೆ. ಅದರ ಹಿಂಬದಿಯಲ್ಲಿ ಗೆಳೆಯ ಯಶವಂತನ ಕವಿತೆ ಇತ್ತು. ಅವನು ಬರೆದದ್ದೇ ಅದೊಂದು. ಅದನ್ನು ಬರೆದ ವರ್ಷವೇ ಕಡಲಿಗೆ ಮೀನು ಹಿಡಿಯಲು ಹೋದವನು ಮರಳಲಿಲ್ಲ.

ಇಷ್ಟೂ ವರ್ಷ ಆ ಹಾಳೆ ಇದ್ದದ್ದು ಕಡಲ ದಂಡೆಯ ಬೆಂಗ್ರೆಯಲ್ಲಿ, ಯಶವಂತನ ತಂಗಿ ಮೋಹಿನಿಯ ಮನೆಯಲ್ಲೇ.

“ಊರೆಲ್ಲ ಹುಡುಕಿದ್ರಿ, ನಮ್ಮಲ್ಲಿ ಕೇಳ್ಬಾರದಿತ್ತಾ ಲೀಲಣ್ಣ?”

“ನಿನ್ನ ಅಮ್ಮನಿಗೆ ಓದ್ಲಿಕ್ಕೆ ಬರ್ತಿರಲಿಲ್ಲ ಅಲ್ವಾ. ಇಟ್ಟಿರ್ಲಿಕ್ಕಿಲ್ಲ ಅಂದ್ಕೊಂಡೆ.”

ಮೋಹಿನಿ ಮರದ ಪೆಟ್ಟಿಗೆ ತೆರೆದಳು. ಮುಚ್ಚಳದ ಒಳಗೆ ಹಾಳೆಯ ಮುಂಬದಿ ಕಾಣುತ್ತಿತ್ತು: ಗೆಳೆಯರು ಬಿಡಿಸಿದ ಯಶವಂತನ ಮುಖ. ತಾಯಿಗೆ ಬೇಕಾದದ್ದು ಆ ಮುಖ. ಕವಿತೆಯ ಬದಿಗೆ ಗಂಜಿಯ ಅಂಟು ದಪ್ಪಗೆ ಬಳಿದು, ಎಂದೂ ಕಿತ್ತು ಬರದ ಹಾಗೆ ಒತ್ತಿದ್ದರು.

ಲೀಲಾಧರ ಒದ್ದೆ ಬಟ್ಟೆ ಇಟ್ಟು ಕಾದು, ಒಂದು ಮೂಲೆಯನ್ನು ಮೆಲ್ಲಗೆ ಎತ್ತಿದರು. ಗಂಜಿಯ ಆಸೆಗೆ ಬಂದ ಹುಳುಗಳು ಅಕ್ಷರಗಳನ್ನೂ ತಿಂದಿದ್ದವು. ಎತ್ತಿದಷ್ಟು ಕಾಗದ ಬೆರಳಲ್ಲೇ ಪುಡಿಯಾಯಿತು.

“ಪೂರ್ತಿ ಎಬ್ಬಿಸಿ. ನಾನು ಎಂತ ಹೇಳೋದಿಲ್ಲ.”

“ಬೇಡ ಮೋಹಿನಿ. ಮುಖವಾದ್ರೂ ಇರ್ಲಿ.”

“ಎಂತ ಬರ್ದಿದ್ದ ಅಣ್ಣ?”

ಕಡಲಿನ ಬಗ್ಗೆ ಅಂತ ಒಂದು ಸುಳ್ಳು ಹೇಳಬಹುದಿತ್ತು. ಅವಳು ನಂಬುತ್ತಿದ್ದಳು.

“ನೆನಪಿಲ್ಲ,” ಎಂದರು ಲೀಲಾಧರ. “ಓದಿದವರಲ್ಲಿ ಈಗ ಇರುವವನು ನಾನೊಬ್ಬನೇ.”