ಪಕ್ಕದ ಸೀಟಿನ ಪಾಲಡಿನ್

ಏಳು ಹೆಡೆಯ ಘಟಸರ್ಪವನ್ನು ನಾನು ಒಬ್ಬಳೇ, ಒಂದೇ ಏಟಿಗೆ, ಅದೂ ಕಣ್ಣು ಮುಚ್ಚಿಕೊಂಡು ಕೊಂದೆ. ಅದು ಬಿದ್ದ ಸದ್ದಿಗೆ ನಮ್ಮ ಬೀದಿಯ ಕಿಟಕಿಗಳೆಲ್ಲ ತಾವಾಗಿಯೇ ತೆರೆದುಕೊಂಡವು. ಮೂಲೆಮನೆಯ ಹುಟ್ಟುಕಿವುಡು ಬೆಕ್ಕು ಅಂದಿನಿಂದ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತದೆ. ಸರ್ಪ ಇದ್ದದ್ದು ಕಂಪ್ಯೂಟರಿನ ಆಟದೊಳಗೆ ತಾನೇ ಎಂದು ಮೂಗು ಮುರಿಯುವವರು ಮುರಿಯಲಿ. ಮೂಗು ಅವರದು, ಗೆಲುವು ನನ್ನದು.

ಆ ಆಟದಲ್ಲಿ ನಾನು ಪಾಲಡಿನ್. ಅಂದರೆ ದೇವರ ಮೇಲೆ ಆಣೆಯಿಟ್ಟು ಯುದ್ಧಕ್ಕಿಳಿದವಳು. ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಮಂತ್ರ. ಗಾಯಗೊಂಡವರ ಮೇಲೆ ಕೈಯಿಟ್ಟರೆ ಗಾಯ ಮಾಯುತ್ತದೆ. ಶತ್ರುವಿನ ಮೇಲೆ ಕೈಯೆತ್ತಿದರೆ ಬೆಳಕು ಬೆಂಕಿಯಾಗಿ ಬೀಳುತ್ತದೆ. ಆದರೆ ಎರಡಕ್ಕೂ ಶಕ್ತಿ ಬರುವುದು ಪರದೆಯ ಮೂಲೆಯಲ್ಲಿರುವ ಒಂದೇ ನೀಲಿ ಪಟ್ಟಿಯಿಂದ. ಇದ್ದಷ್ಟನ್ನೂ ಬೇರೆಯವರ ಗಾಯಕ್ಕೆ ಸುರಿದರೆ ನನ್ನ ಕತ್ತಿ ಬರೀ ತಗಡು. ಜಗಳ ಶುರುವಾದದ್ದೇ ಈ ಪಟ್ಟಿಯಿಂದ.

ನಮ್ಮದು ನಾಲ್ವರ ಗುಂಪು. ಅವರವರ ಮನೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಟ್ಟಿಗೆ ಆಡುತ್ತೇವೆ. ನಾಯಕ ನನ್ನ ತಮ್ಮ. ಗಾಜು ಕತ್ತರಿಸುವ ಅಂಗಡಿ ಅವನದು; ಅಲ್ಲಿ ಗಾಜಿನ ಹತ್ತಿರ ಎಷ್ಟು ನಾಜೂಕೋ ಇಲ್ಲಿ ನಮ್ಮ ಹತ್ತಿರ ಅಷ್ಟೇ ಒರಟು. ಅವನ ಹೆಂಡತಿ ಬಿಲ್ಲುಗಾರ್ತಿ. ಔಷಧದಂಗಡಿಯ ಕಂಪೌಂಡರ್ ಮಾಟಗಾರ. ಆಟದ ನಿಯಮವೆಲ್ಲ ಅವನಿಗೆ ಬಾಯಿಪಾಠ.

"ಅಕ್ಕಾ, ನೀನು ಹಿಂದೆ ನಿಂತ್ಕೊಂಡು ನಮ್ಮ ಗಾಯ ವಾಸಿ ಮಾಡ್ತಾ ಇರು, ಅಷ್ಟು ಸಾಕು," ಎಂದ ತಮ್ಮ.

"ಮತ್ತೆ ಕತ್ತಿ ಯಾಕೋ ಕೊಟ್ಟಿದ್ದಾರೆ ನಂಗೆ? ಈರುಳ್ಳಿ ಹೆಚ್ಚೋಕಾ?"

"ಮುಂದೆ ನಿಂತ್ರೆ ಗಾಬರಿ ಬಿದ್ದು ಓಡ್ತೀಯ. ನಿಂಗೆ ಅಭ್ಯಾಸ ಇಲ್ಲ."

ಅಭ್ಯಾಸ ಇಲ್ಲವಂತೆ! ನನಗೆ! ನಾನು ಡ್ರೈವಿಂಗ್ ಸ್ಕೂಲಿನ ಟೀಚರು. ಬೆಳಗಿನಿಂದ ಸಂಜೆಯವರೆಗೆ ಕಲಿಯುವವರ ಪಕ್ಕದ ಸೀಟಿನಲ್ಲಿ, ನನ್ನ ಕಾಲ ಕೆಳಗಿರುವ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟು ಕೂತಿರುತ್ತೇನೆ. ತಿರುವಿನಲ್ಲಿ ಸ್ಟೀರಿಂಗ್ ಬಿಟ್ಟು ಕೈಮುಗಿಯುವವರನ್ನು ನೋಡಿದ್ದೇನೆ. ಎದುರಿಗೆ ಲಾರಿ ಬಂದರೆ ಕಣ್ಣು ಮುಚ್ಚಿಕೊಂಡು ಹಾರ್ನ್ ಒತ್ತುವ ಬ್ಯಾಂಕ್ ಮ್ಯಾನೇಜರನ್ನು ನೋಡಿದ್ದೇನೆ. ನಾನು ಉಳಿಸಿದ ಜೀವಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಸಾಲಿನ ತುದಿ ಸಮುದ್ರ ದಾಟಿ, ಭೂಮಿ ಸುತ್ತಿ, ನಮ್ಮ ಹಿತ್ತಲ ಬಾಗಿಲಿಗೆ ಬಂದು ತಟ್ಟೀತು. ಆದರೆ ಲೈಸೆನ್ಸ್ ಕೈಗೆ ಬಂದ ದಿನ ಎಲ್ಲರದ್ದೂ ಒಂದೇ ಮಾತು: "ನಾನೇ ಕಲ್ತ್ಕೊಂಡೆ." ಹಗಲೆಲ್ಲ ಪಕ್ಕದಲ್ಲಿ ಕೂತು ಇನ್ನೊಬ್ಬರನ್ನು ಕಾಯುವವಳು ಆಟದಲ್ಲೂ ಹಿಂದೆ ನಿಂತು ಕಾಯಬೇಕೇ? ಸಾಧ್ಯವೇ ಇಲ್ಲ.

"ಕೇಳಿಸ್ಕೋ," ಎಂದೆ. "ಭಾನುವಾರ ಘಟಸರ್ಪದ ಗುಹೆಗೆ ನಾನೇ ಮುಂದೆ ನುಗ್ಗೋದು."

"ನೀನು ಓಡಿದ್ರೆ?"

"ಓಡಿದ್ರೆ ನನ್ನ ಪಾಲಡಿನ್‌ನ ಅಳಿಸಿ ಹಾಕ್ತೀನಿ. ಬಿಳಿ ಸೀರೆ ಉಟ್ಟು ಕೋಲು ಹಿಡ್ಕೊಂಡಿರೋ ಆ ಪೂಜಾರಿಣಿ ಪಾತ್ರ ಇದ್ಯಲ್ಲ, ಅದನ್ನ ತಗೊಂಡು ಸಾಯೋವರೆಗೂ ನಿನ್ನ ಬೆನ್ನ ಹಿಂದೆ ನಿಲ್ತೀನಿ. ಓಡದೆ ಗೆದ್ರೆ, ಇನ್ಮೇಲೆ ಮುಂದಿನ ಜಾಗ ನಂದು. ನೀನು ಉಸಿರೆತ್ತೋ ಹಾಗಿಲ್ಲ."

"ಆಯ್ತು. ಪೂಜಾರಿಣಿಗೆ ಹೆಸರು ಹುಡುಕಿಟ್ಕೋ," ಎಂದ ಪಾಪಿ.

ಆ ಪಾಲಡಿನ್ ಸುಮ್ಮನೆ ಬಂದವಳಲ್ಲ. ಕೆಲಸದಿಂದ ಬಂದು ಸೊಂಟ ಹಿಡಿದುಕೊಂಡು ಕೂತು, ಒಂದೊಂದೇ ಮಂತ್ರ ಗಳಿಸಿ, ಬೀದಿನಾಯಿಗಿಂತ ತುಸುವೇ ದೊಡ್ಡದಾದ ಪಿಶಾಚಿಗಳ ಕೈಯಲ್ಲಿ ಒದೆ ತಿಂದು ಬೆಳೆಸಿದವಳು. ಅಳಿಸುವುದೆಂದರೆ ಒಂದು ಗುಂಡಿ ಒತ್ತಿದರೆ ಮುಗಿಯಿತು, ಮತ್ತೆ ಬರುವುದಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ನಾನು ಕುರ್ಚಿಯಲ್ಲಿ ಕೂತದ್ದು ಸಿಂಹಾಸನ ಏರಿದ ಹಾಗೆ. ಅಮ್ಮ ಹಿಂದಿನ ಮಂಚದ ಮೇಲೆ ಒಗೆದ ಬಟ್ಟೆ ಮಡಚುತ್ತಿದ್ದಳು.

ಗುಹೆಯ ಬಾಯಿ ಇಕ್ಕಟ್ಟು. ಒಬ್ಬರು ನಿಂತರೆ ಮುಚ್ಚಿತು. ಅಲ್ಲಿ ನಾನು ನಿಂತೆ. ಸರ್ಪ ಬಂತು. ಎಂಥ ಸರ್ಪ! ಬಾಲ ಇನ್ನೂ ಹೋದ ವಾರದಲ್ಲೇ ಇತ್ತು. ಏಳು ಬಾಯಿಂದಲೂ ಬೆಂಕಿ. ನನ್ನ ಕೆನ್ನೆ ನಿಜವಾಗಿಯೂ ಬಿಸಿಯಾಯಿತು, ಬೇಕಾದರೆ ಮುಟ್ಟಿ ನೋಡಿ, ಈಗಲೂ ಬಿಸಿ. ನಾನು ಬೀಸಿದೆ, ಮಂತ್ರ ಹಾಕಿದೆ, ಬೀಸಿದೆ. ಹಿಂದಿನಿಂದ ಬಾಣ, ಮಾಟ ಎಲ್ಲ ನನ್ನ ಕಿವಿ ಸವರಿಕೊಂಡು ಹೋದವು. ನೀಲಿ ಪಟ್ಟಿ ಬರಿದಾಗುತ್ತ ಬಂತು.

"ಅಕ್ಕಾ, ಸಾಯ್ತೀಯ! ಹಿಂದೆ ಬಾ!" ಎಂದು ತಮ್ಮ ಕಿರುಚಿದ.

"ಬರಲ್ಲ ಹೋಗೋ!" ಎಂದೆ. ಇದಕ್ಕೆ ಮೂವರು ಸಾಕ್ಷಿಗಳಿದ್ದಾರೆ.

ಆಮೇಲೆ ಕಣ್ಣು ಮುಚ್ಚಿದೆ. ದೇವರನ್ನು ನೆನೆದೆ. ಮೈ ವಜ್ರವಾಯಿತು. ಸರ್ಪ ಏಳು ಬಾಯಲ್ಲಿ ಕಚ್ಚಿತು, ಏಳು ಬಾಯಿಯ ಹಲ್ಲೂ ಮುರಿಯಿತು. ಒಂದೇ ಏಟು. ಬಿತ್ತು.

ಮಧ್ಯಾಹ್ನ ಮೂವರೂ ನಮ್ಮ ಮನೆಗೆ ಊಟಕ್ಕೆ ಬಂದರು. ತಮ್ಮ ಬಾಗಿಲಲ್ಲೇ ನನ್ನ ಕಾಲಿಗೆ ಬಿದ್ದ ಹಾಗೆ ನಟಿಸಿದ. ನಾನು ಆಶೀರ್ವಾದ ಮಾಡಿದ ಹಾಗೆ ನಟಿಸಲಿಲ್ಲ, ನಿಜವಾಗಿಯೇ ಮಾಡಿದೆ.

"ಮುಂದಿನ ಜಾಗ ನಿಂದೇ ಅಕ್ಕ. ಒಪ್ಕೊಂಡೆ," ಎಂದ.

"'ಬರಲ್ಲ' ಅಂದ್ಮೇಲೆ ನಿಮ್ಮ ಧ್ವನಿನೇ ಬರ್ಲಿಲ್ಲ?" ಎಂದಳು ಅವನ ಹೆಂಡತಿ.

"ಧ್ಯಾನದಲ್ಲಿದ್ದೆ ಕಣಮ್ಮ."

"ಯಾವ ಧ್ಯಾನ?" ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು. "ಮೇಜಿನ ಕೆಳಗೆ ತಲೆ ತೂರಿಸಿ ತಡಕಾಡ್ತಾ ಇದ್ಯಲ್ಲ, ಅದಾ? ದಡಕ್ಕನೆ ಕಾಲಲ್ಲಿ ಒದ್ದು ಸ್ವಿಚ್‌ಬೋರ್ಡ್ ಆರಿಸ್ಬಿಟ್ಳು ಇವಳು. ಪರದೆ ಕಪ್ಪಗಾಯ್ತು. ಕೊನೆಗೆ ನಾನೇ ಬಂದು ಸ್ವಿಚ್ ಹಾಕ್ದೆ. ಅಷ್ಟೊತ್ತಿಗೆ ಹಾವು ಸತ್ತು ಮಲಗಿತ್ತು."

ಕಂಪೌಂಡರನ ಮುಖ ಅರಳಿತು.

"ಅದಕ್ಕೇ! ಆಟದ ಮಧ್ಯೆ ಯಾರದ್ದಾದ್ರೂ ಕಂಪ್ಯೂಟರ್ ಆರಿಹೋದ್ರೆ ಅವರ ಪಾತ್ರ ಸ್ವಲ್ಪ ಹೊತ್ತು ಕಲ್ಲಾಗಿ ನಿಲ್ಲುತ್ತೆ, ಏಟು ತಾಗಲ್ಲ. ಸರ್ಪ ಕಲ್ಲನ್ನ ಕಚ್ತಾ ಇತ್ತು, ನಾವು ಹಿಂದಿನಿಂದ ಹೊಡೆದು ಮುಗಿಸಿದ್ವಿ. ಈ ಪಾತ್ರಕ್ಕೆ ವಜ್ರದ ಮಂತ್ರ ಎಲ್ಲಿಂದ ಬಂತಪ್ಪ ಅಂತ ಆಗ್ಲಿಂದ ತಲೆ ಕೆಡಿಸ್ಕೊಂಡಿದ್ದೆ."

ತಮ್ಮ ನಕ್ಕ. ಆದರೆ ಕೆಟ್ಟ ನಗೆಯಲ್ಲ. "ಹೋಗ್ಲಿ ಬಿಡ್ರೋ. ನಾನು ಅಷ್ಟು ಕೂಗಿದ್ರೂ ಓಡ್ಲಿಲ್ಲ ಅವಳು. ಪಂದ್ಯ ಇದ್ದದ್ದು ಅದಕ್ಕೇ."

ಅಲ್ಲಿಗೆ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಕಂಪೌಂಡರ್ ಬಿಡಬೇಕಲ್ಲ.

"ಒಂದೇ ಅನುಮಾನ ಮೇಡಂ. ಆ ಕಲ್ಲು ಸರ್ಪಕ್ಕೆ ಬೆನ್ನು ಹಾಕಿ, ಒಂದು ಕಾಲು ನಮ್ಮ ಕಡೆ ಎತ್ತಿ ನಿಂತಿತ್ತಲ್ಲ, ಅದ್ಯಾಕೆ?"

"ಸರ್ಪಕ್ಕೆ ನನ್ನ ಮುಖ ನೋಡೋ ಯೋಗ್ಯತೆ ಇಲ್ಲ ಅಂತ ತೋರಿಸೋಕೆ," ಎಂದೆ. ಹೇಳುವಾಗಲೇ ಗೊತ್ತಾಯಿತು, ಇದನ್ನು ಕಿವುಡು ಬೆಕ್ಕೂ ನಂಬುವುದಿಲ್ಲ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಮ್ಮನ ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು.

"ಓಡ್ತಾ ಇದ್ದೆ ಕಣೋ," ಎಂದೆ. "ಬಾಯಿ 'ಬರಲ್ಲ' ಅಂತಿತ್ತು, ಬೆರಳು ಓಡೋ ಗುಂಡಿ ಒತ್ತಾಗಿತ್ತು. ನನ್ನ ಪಾತ್ರ ತಿರುಗಿ ಓಡೋದು ಕಣ್ಣಿಗೆ ಬಿತ್ತಲ್ಲ, ಯಾರೋ ಕಲಿಯೋರು ಕಾರನ್ನ ಗೋಡೆಗೆ ಬಿಡ್ತಾ ಇದ್ದಾರೆ ಅನ್ನಿಸ್ಬಿಡ್ತು. ಕಾಲು ತಾನಾಗೇ ಬ್ರೇಕ್ ಒತ್ತಿತು. ಒತ್ತಿದ್ದು ಸ್ವಿಚ್‌ಬೋರ್ಡು. ಒಂದೇ ಏಟೂ ಇಲ್ಲ, ಧ್ಯಾನನೂ ಇಲ್ಲ. ಹಾವು ಸತ್ತಾಗ ನಾನು ಮೇಜಿನ ಕೆಳಗಿದ್ದೆ."

ತಮ್ಮ ಊಟದ ತಟ್ಟೆ ಸರಿಸಿದ. "ಹಾಗಾದ್ರೆ ಅಕ್ಕ... ಪೂಜಾರಿಣಿ?"

"ಮಾಡಲ್ಲ. ಅಳಿಸಲ್ಲ. ಪಂದ್ಯ ಸೋತೆ, ಮಾತೂ ತಪ್ಪಿದೆ, ಅದನ್ನ ಊರಿಗೆಲ್ಲ ಹೇಳ್ಕೋ ಹೋಗು. ಆದ್ರೆ ಓಡೋವರೆಗೂ ಅಲ್ಲಿ ನಿಂತಿದ್ದೋಳು ನಾನು. ನಿನ್ನ ಬೆನ್ನ ಹಿಂದೆ ನಿಂತಿದ್ರೆ ಓಡೋ ಸರದಿನಾದ್ರೂ ಎಲ್ಲಿ ಬರ್ತಿತ್ತು ನಂಗೆ? ಮುಂದಿನ ಭಾನುವಾರ ಮತ್ತೆ ನಾನೇ ಮುಂದೆ. ತಡೆಯೋದಿದ್ರೆ ಈಗ್ಲೇ ತಡಿ."