ಮೆಣಸಿನಕಾಯಿಯ ನಡುವಿನ ಚಳಿ

ಕನ್ನಡಕದ ಗಾಜಿಗೆ ಬಾಯಿಂದ ಹಾ ಎಂದು ಊದಿ, ಕವಿದ ಮಂಜನ್ನು ಮೆತ್ತನೆಯ ಬಟ್ಟೆಯಿಂದ ಒರೆಸುವುದು ನನ್ನ ಕಸುಬಿನ ಅರ್ಧ ಭಾಗ. ಉಳಿದರ್ಧ, ಗಿರಾಕಿಗಳ ದೂರು ಕೇಳುವುದು. ಆ ಮಂಗಳವಾರ ಅಂಗಡಿಗೆ ಬಂದ ಹೆಂಗಸಿನ ದೂರು ಮಾತ್ರ ಹೊಸದಾಗಿತ್ತು.

"ಕೋಲ್ಡ್ ಸ್ಟೋರೇಜಿನ್ಯಾಗ ಕೆಲಸ ಮಾಡ್ತೀನ್ರಿ. ಒಳಗಿಂದ ಹೊರಗ ಬಂದ ಕೂಡ್ಲೇ ಕನ್ನಡಕ ಪೂರಾ ಬೆಳ್ಳಗಾಗಿಬಿಡ್ತೈತಿ. ಎದುರಿಗೆ ಯಾರ ನಿಂತಾರ ಅನ್ನೂದೂ ಕಾಣೂದಿಲ್ಲ. ಇದಕ್ಕೇನರ ಮಾಡ್ರಿ."

"ಅದಕ್ಕ ಔಷಧ ಇಲ್ರಿ. ಎರಡ ನಿಮಿಷ ಕಾದ್ರ ತಾನಾಗೇ ಹೋಗತೈತಿ," ಎಂದೆ.

ಅವರು ನಕ್ಕು, ಸಡಿಲವಾಗಿದ್ದ ತಿರುಪು ಬಿಗಿ ಮಾಡಿಸಿಕೊಂಡು ಹೋದರು. ಅವರನ್ನು ಮರೆತೆ, ಅವರ ಮಾತನ್ನು ಮರೆಯಲಿಲ್ಲ. ಬರೆಯುವವರ ಹಾಳು ಚಾಳಿ ಇದು.

ಬರೆಯುವವನು ಎಂದು ಹೇಳಿಕೊಳ್ಳಲು ಆಗ ನನಗೆ ನಾಚಿಕೆಯಾಗುತ್ತಿತ್ತು. ಮೂರು ವರ್ಷಗಳಿಂದ ಒಂದು ಕತೆಯೂ ಹುಟ್ಟಿರಲಿಲ್ಲ. ಮತ್ತೆ ಬರೆದೇನು ಎಂಬ ಆಸೆ ಹುಟ್ಟಿಸಿದ್ದು ಫೋನಿನೊಳಗಿನ ಒಂದು ಬಳಗ. ನಾವು ಹನ್ನೊಂದು ಜನ. ಯಾರಿಗೂ ಯಾರ ಊರೂ ತಿಳಿಯದು, ನಿಜ ಹೆಸರೂ ತಿಳಿಯದು. ಶನಿವಾರ ನಾಲ್ಕು ಗಂಟೆಗೆ ಸರದಿಯವರು ಒಂದು ಸಾಲು ಹಾಕಬೇಕು. ಉಳಿದವರು ಏಳು ಗಂಟೆಯೊಳಗೆ ಅದರಿಂದ ಕತೆ ಕಟ್ಟಬೇಕು. ಅಲ್ಲಿಯವರೆಗೆ ಸಾಲು ಕೊಟ್ಟವರು ತುಟಿ ಪಿಟಕ್ಕೆನ್ನುವಂತಿಲ್ಲ. ಈ ಕಟ್ಟಳೆ ಮಾಡಿದವನು ನಾನೇ. ಅದರ ಬಗ್ಗೆ ಹೆಮ್ಮೆಯೂ ಇತ್ತು.

ಆ ಶನಿವಾರ 'ನೀಲಿ' ಎಂಬ ಹೆಸರಿನವರ ಸರದಿ. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿರುವಾಗಲೇ ಸಾಲು ಬಂತು: "ಬಾಗಿಲು ಹಾಕಿಕೊಂಡಿದೆ. ಸುತ್ತಲೂ ಮೆಣಸಿನಕಾಯಿ, ನಾನು ಚಳಿಗೆ ನಡುಗುತ್ತಿದ್ದೇನೆ. ಯಾರಾದರೂ ಬನ್ನಿ."

ಬಳಗ ಕುಣಿದಾಡಿಬಿಟ್ಟಿತು. ಮೆಣಸಿನಕಾಯಿಯ ನಡುವೆ ಚಳಿ, ಎಂಥ ಪ್ರತಿಮೆ ಎಂದರು ಒಬ್ಬರು. ಖಾರದ ಸಂಸಾರದಲ್ಲಿ ಹೆಣ್ಣಿನ ಒಂಟಿತನ ಎಂದು ಇನ್ನೊಬ್ಬರು ಅರ್ಥ ಹಚ್ಚಿದರು. "ನಿಮ್ಮ ಈವರೆಗಿನ ಶ್ರೇಷ್ಠ ಸಾಲು" ಎಂದು ಬರೆದವನು ನಾನು. ನೀಲಿ ಉತ್ತರಿಸಲಿಲ್ಲ. ಕಟ್ಟಳೆ ಮುರಿಯದ ಅವರ ಶಿಸ್ತನ್ನೂ ಮೆಚ್ಚಿಕೊಂಡೆ.

ಅಂಗಡಿಯ ಬಾಗಿಲು ಅರ್ಧ ಎಳೆದು ಬರೆಯಲು ಕುಳಿತೆ. ಏನು ಸುಖ! ಕೈ ನಿಲ್ಲಲೇ ಇಲ್ಲ. ನನ್ನ ಕತೆಯ ಹೆಂಗಸು ಮೆಣಸಿನಕಾಯಿ ಚೀಲಗಳನ್ನು ಕೆಡದಂತೆ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಸಿಕ್ಕಿಬಿದ್ದಳು, ಕೂಗಿದಳು, ಗಂಟಲು ಕಟ್ಟಿತು. ಕೊನೆಗೆ ಯಾರೋ ಬಾಗಿಲು ತೆರೆದರು. ಹೊರಗೆ ಕಾಲಿಟ್ಟವಳ ಕನ್ನಡಕದ ಮೇಲೆ ಮಂಜು ಕವಿಯಿತು. ಓದಿ ನೋಡಿದರೆ ಸಪ್ಪೆ ಎನಿಸಿತು. ಇವಳು ಬದುಕಿದರೆ ನನ್ನ ಕತೆ ಸಾಯುತ್ತದೆ ಎಂದುಕೊಂಡು, ಆ ಸಾಲು ಹೊಡೆದುಹಾಕಲು ಪೆನ್ನು ಎತ್ತಿದೆ.

ಕೈ ಅಲ್ಲೇ ನಿಂತಿತು. ಈ ಮಂಜು ನನಗೆ ಎಲ್ಲಿಂದ ಬಂತು?

ಗಿರಾಕಿಗಳ ಹೆಸರು ಬರೆದಿಡುವ ಪುಸ್ತಕ ತೆರೆದೆ. ಮಂಗಳವಾರದ ಪುಟದಲ್ಲಿ ನನ್ನದೇ ಅಕ್ಷರ: ನೀಲಾಂಬಿಕಾ, ಕೋಲ್ಡ್ ಸ್ಟೋರೇಜ್. ನೀಲಾಂಬಿಕಾ ಎಂದರೆ ನೀಲಿಯೇ ಇರಬೇಕು. "ನೀಲಿಯವರೇ, ಕಟ್ಟಳೆ ಬಿಡಿ, ಕ್ಷೇಮವಾಗಿದ್ದೀರಾ?" ಎಂದು ಬಳಗಕ್ಕೆ ಬರೆದೆ. "ನಿಯಮ ಮಾಡಿದವರೇ ಮುರಿದರೆ ಹೇಗೆ ಸಾರ್?" ಎಂದು ಯಾರೋ ಗದರಿದರು. ಗಂಟೆ ಐದೂ ಇಪ್ಪತ್ತು. ಗಾಡಿ ಹತ್ತಿದೆ.

ಊರಾಚೆಯ ಕೋಲ್ಡ್ ಸ್ಟೋರೇಜಿನ ಗೇಟಿಗೆ ಬೀಗ ಬಿದ್ದಿತ್ತು. ಕಾವಲುಗಾರ ಆಕಳಿಸುತ್ತ ಬಂದ. "ಮೂರಕ್ಕ ಬಂದ್ ಆಗೇತ್ರಿ. ಇನ್ನ ಸೋಮವಾರನ ತೆಗಿಯೂದು."

"ಒಳಗ ಒಬ್ಬ ಹೆಣ್ಮಗಳು ಸಿಕ್ಕಾಳ."

"ಯಾರ ಹೇಳಿದ್ರು ನಿಮಗ?"

ನಾನೇ ಬರೆಯುತ್ತಿದ್ದ ಕತೆ ಹೇಳಿತು ಎನ್ನಲೇ? ಅಷ್ಟರಲ್ಲಿ ಬೇವಿನ ಮರದ ಕೆಳಗೆ ಒಂದೇ ಒಂದು ಸ್ಕೂಟಿ ನಿಂತದ್ದು ಕಂಡಿತು. "ಅದು ಯಾರದು?"

ಅವನು ತಿರುಗಿ ನೋಡಿದ. "ಅಯ್ಯ ಶಿವನ, ನೀಲವ್ವಾರ್ದ ಅಲ್ರಿ!" ಎಂದವನೇ ಬೀಗ ತೆಗೆದು ಓಡಿದ.

ಮೊದಲ ಕೋಣೆಯಲ್ಲಿ ಕೂಗಿದೆವು, ಉತ್ತರವಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರ ದಪ್ಪ ಬಾಗಿಲು ಎಳೆದಾಗ ಖಾರದ ಘಾಟು ಬೆರೆತ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಚೀಲಗಳ ರಾಶಿಯ ನಡುವಿಂದ, ಮೈಗೆಲ್ಲ ಖಾಲಿ ಗೋಣಿ ಸುತ್ತಿಕೊಂಡು ಅವರು ಗೋಡೆ ಹಿಡಿದು ನಡೆದು ಬಂದರು. ಹೊಸ್ತಿಲು ದಾಟುತ್ತಲೇ ಕನ್ನಡಕ ಬೆಳ್ಳಗಾಯಿತು. ಎರಡೂ ಕೈ ಮುಂದೆ ಚಾಚಿ, "ಯಾರ್ರಿ?" ಎಂದರು.

"ಬಳಗದವ," ಎಂದೆ. ಅವರು ನನ್ನ ಕೈ ಹಿಡಿದು ಅತ್ತುಬಿಟ್ಟರು. ನಾನೂ ಅತ್ತೆ.

ಕಾವಲುಗಾರನ ಕೋಣೆಯಲ್ಲಿ ಬಿಸಿ ಚಹಾ ಕುಡಿದ ಮೇಲೆ ಅವರಿಗೆ ಮಾತು ಬಂತು. "ಒಳಗಿನ ಹಿಡಿಕಿ ಮುರದಿತ್ತು. ಫೋನ್ ಹತ್ತವಲ್ದು, ಚಾರ್ಜ್ ಮುಗಿಯಾಕ ಬಂದಿತ್ತು. ಸಾಲು ಹಾಕಬೇಕಂತ ಬಳಗ ತೆರದಿಟ್ಟಿದ್ದೆ, ಅಲ್ಲೇ ಬರದೆ. ಹೋತು, ಆಮ್ಯಾಲೆ ಫೋನೂ ಆರಿತು. ಹತ್ತ ಮಂದಿ ಅದಾರ, ಒಬ್ಬರರ ಬರ್ತಾರ ಅನಕೊಂಡೆ."

ಚಾರ್ಜಿಗೆ ಹಾಕಿದ್ದ ಅವರ ಫೋನು ಬೆಳಗಿತು. ನಾನು ಬೇಡವೆಂದರೂ ಒಂದೊಂದೇ ಕತೆ ಓದಿದರು. "ಆರ ಮಂದಿ ಬರದಾರ. ಆರೂ ಮಂದಿ ನನ್ನ ಕೊಂದಾರ," ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. "ಕಟ್ಟಳೆ ಬಿಡಿ ಅಂತ ಬರದವ್ರು ನೀವ ಅಲ್ರಿ? ನಿಮ್ದ ಕತಿ ಕಾಣವಲ್ದಲ್ರಿ?"

"ಮುಗಿಸಲಿಲ್ರಿ."

"ಮುಗಿಸಿದ್ರ ನನಗೇನ ಆಗ್ತಿತ್ತು?"

ಸುಳ್ಳು ಹೇಳಬಹುದಿತ್ತು. ಆದರೆ ಬಾಯಿ ಬರಲಿಲ್ಲ. "ಸಾಯ್ತಿದ್ರಿ," ಎಂದೆ.

 ಅವರು ಕನ್ನಡಕ ತೆಗೆದು ಮೇಜಿನ ಮೇಲೆ ನನ್ನತ್ತ ಸರಿಸಿದರು. ನಾನು ಅದನ್ನು ಎತ್ತಿಕೊಂಡು ಗಾಜಿಗೆ ಹಾ ಎಂದು ಊದಿದೆ. ಬಟ್ಟೆ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಆ ಮಂಜು ತಾನಾಗೇ ಹೋಗುವವರೆಗೂ ತಲೆ ತಗ್ಗಿಸಿ ಕುಳಿತಿದ್ದೆ.